ಕಂಪ್ಯೂಟರು ನಮ್ಮ ಹೆಸರನ್ನು ಏಕೆ ಒಪ್ಪುವುದಿಲ್ಲ?

ಕಳೆದ ತಿಂಗಳು ನಮ್ಮ ಹಿರಿಯ ಸದಸ್ಯರೊಬ್ಬರು ಸಂಘದ ಕಚೇರಿಗೆ ಬಂದವರು, ಕುರ್ಚಿ ಎಳೆದುಕೊಳ್ಳುವ ಮೊದಲೇ, "ನನ್ನ ಹೆಸರು ಸರಿಯಿಲ್ಲವಂತೆ ಮಾರಾಯ್ರೆ" ಎಂದರು. ಪಹಣಿಯಲ್ಲಿ ಏನೋ ತಪ್ಪು ಬಿದ್ದಿರಬೇಕೆಂದು ನಾನು ಗಾಬರಿಯಾದೆ. ವಿಷಯ ಅದಾಗಿರಲಿಲ್ಲ. ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿಗೆ ಹೊಸದಾಗಿ ಉಬುಂಟು ಹಾಕಲು ಕುಳಿತಿದ್ದರಂತೆ. ಪೇಟೆಯಲ್ಲಿರುವ ಮಗ ಫೋನಿನಲ್ಲಿ ಹೇಳುತ್ತ ಹೋಗುವುದು, ಇವರು ಇಲ್ಲಿ ಗುಂಡಿ ಒತ್ತುತ್ತ ಹೋಗುವುದು. ಎಲ್ಲವೂ ಸರಾಗವಾಗಿ ನಡೆದು ಒಂದು ಪುಟದಲ್ಲಿ ಹೆಸರು ಕೇಳಿತು. ಇವರು ಷೇರು ಪತ್ರದಲ್ಲಿ ಇರುವಂತೆಯೇ ಇನಿಷಿಯಲ್, ಚುಕ್ಕೆ, ನಡುವೆ ಜಾಗ, ಎಲ್ಲವನ್ನೂ ಸೇರಿಸಿ ಇಂಗ್ಲಿಷಿನಲ್ಲಿ ಬರೆದರು. ಒಪ್ಪಲಿಲ್ಲ. ಚುಕ್ಕೆ ತೆಗೆದರು, ಒಪ್ಪಲಿಲ್ಲ. ಜಾಗ ತೆಗೆದರು, ಆಗಲೂ ಒಪ್ಪಲಿಲ್ಲ. ಅಷ್ಟರಲ್ಲಿ ಮಲೆನಾಡಿನ ಫೋನು ತನ್ನ ಧರ್ಮದಂತೆ ಕಡಿದುಹೋಯಿತು.

"ಅರುವತ್ತೆಂಟು ವರ್ಷ ಈ ಹೆಸರಿನಲ್ಲೇ ಬದುಕಿದ್ದೇನೆ. ಸೊಸೈಟಿ ಒಪ್ಪಿದೆ, ಬ್ಯಾಂಕು ಒಪ್ಪಿದೆ. ಈ ಡಬ್ಬಕ್ಕೆ ಏನು ಕಷ್ಟ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಈಚೆಗೆ ಇದನ್ನು ಕೇಳುವವರು ಇವರೊಬ್ಬರೇ ಅಲ್ಲ. ನಮ್ಮಲ್ಲಿ ಅನೇಕರ ಮನೆಯ ಕಂಪ್ಯೂಟರುಗಳು ವಿಂಡೋಸ್ 10ರವು. ಮೈಕ್ರೋಸಾಫ್ಟ್ ಕಂಪೆನಿಯು ಅದಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಭಾಗವೂ ಸಾಕಷ್ಟು ಹೊಸ ಪ್ರೊಸೆಸರೂ ಬೇಕಾದ್ದರಿಂದ ಹಳೆಯ ಯಂತ್ರಗಳಲ್ಲಿ ಬಹಳಷ್ಟಕ್ಕೆ ಅದು ಏರುವುದಿಲ್ಲ. ಹೀಗಾಗಿ ಕೆಲವರು ಹೊಸ ಯಂತ್ರ ಕೊಂಡು ಅದನ್ನು ಮೊದಲಿನಿಂದ ಸಿದ್ಧಪಡಿಸುತ್ತಿದ್ದಾರೆ. ಇನ್ನು ಕೆಲವರು ಹಳೆಯದಕ್ಕೇ ಲಿನಕ್ಸ್ ಹಾಕುತ್ತಿದ್ದಾರೆ. ಯಾವ ದಾರಿ ಹಿಡಿದರೂ ನಡುವೆ ಈ ಹೆಸರಿನ ಗೇಟು ಬಂದೇ ಬರುತ್ತದೆ. ಅಲ್ಲಿ ಅವಸರದಲ್ಲಿ ಏನಾದರೊಂದು ಬರೆದು ದಾಟಿಬಿಟ್ಟವರು ಆಮೇಲೆ ಕಷ್ಟಪಟ್ಟದ್ದನ್ನು ಕಂಡಿದ್ದೇನೆ, ಸ್ವತಃ ಪಟ್ಟಿದ್ದೇನೆ. ಆದ್ದರಿಂದ ಈ ಸಂಚಿಕೆಯಲ್ಲಿ ಬೋರ್ಡೋ ದ್ರಾವಣ, ಕೊಳೆರೋಗಗಳನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ.

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನ ಒಳಗಿನ ಆಡಳಿತ. ಅದನ್ನು ಯಂತ್ರಕ್ಕೆ ಹಾಕುವಾಗ ಸಾಮಾನ್ಯವಾಗಿ ಎರಡು ಹೆಸರು ಕೇಳುತ್ತದೆ. ಮೊದಲನೆಯದು ಪೂರ್ಣ ಹೆಸರು. ಇಲ್ಲಿ ಇನಿಷಿಯಲ್ ಇರಲಿ, ಜಾಗ ಇರಲಿ, ದೊಡ್ಡಕ್ಷರ ಇರಲಿ, ಸಾಮಾನ್ಯವಾಗಿ ತಕರಾರಿಲ್ಲ. ಎರಡನೆಯದು ಯೂಸರ್ ನೇಮ್, ಅಂದರೆ ಬಳಕೆದಾರನನ್ನು ಯಂತ್ರ ತನ್ನೊಳಗೆ ಕರೆಯುವ ಹೆಸರು. ತಕರಾರೆಲ್ಲ ಇದರದ್ದು. ನಾವು ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಕಳಿಸುವಾಗ ರಸೀದಿಯಲ್ಲಿ ಪೂರ್ತಿ ಹೆಸರು, ಊರು, ಅಂಚೆ ಬರೆಯುತ್ತೇವೆ. ಚೀಲದ ಮೇಲೆ ಮಾತ್ರ ಎರಡು ಮೂರು ಅಕ್ಷರದ ಗುರುತು ಹಾಕುತ್ತೇವೆ. ಯೂಸರ್ ನೇಮ್ ಆ ಚೀಲದ ಗುರುತಿನ ಜಾತಿಗೆ ಸೇರಿದ್ದು. ನಮ್ಮ ಸದಸ್ಯರು ರಸೀದಿಯಲ್ಲಿ ಬರೆಯಬೇಕಾದದ್ದನ್ನು ಚೀಲದ ಮೇಲೆ ಬರೆಯಲು ಹೋದರು, ಅಷ್ಟೆ. ಉಬುಂಟುವಿಗೆ ಮೂಲವಾದ ಡೆಬಿಯನ್ ಎಂಬ ಲಿನಕ್ಸಿನ ನಿಯಮ ಹೀಗಿದೆ: ಹೆಸರು ಇಂಗ್ಲಿಷಿನ ಸಣ್ಣಕ್ಷರದಿಂದ ಆರಂಭವಾಗಬೇಕು, ಆಮೇಲೆ ಸಣ್ಣಕ್ಷರ ಮತ್ತು ಅಂಕೆಗಳು ಬರಬಹುದು, ಒಟ್ಟು 32 ಅಕ್ಷರ ಮೀರಬಾರದು.

ಇಷ್ಟು ಬಿಗಿ ಏಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬವರು ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಕೆಲಸ ಆರಂಭಿಸಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆಯತೊಡಗಿದಾಗ ಯೂನಿಕ್ಸಿನ ಪದ್ಧತಿಗಳನ್ನೇ ಅನುಸರಿಸಿದ. ಆ ಪದ್ಧತಿಯಲ್ಲಿ ಬಳಕೆದಾರರ ರಿಜಿಸ್ಟರು ಒಂದು ಸಾಮಾನ್ಯ ಕಡತ. ಒಬ್ಬರಿಗೆ ಒಂದು ಸಾಲು, ಸಾಲಿಗೆ ಏಳು ಕಲಂ. ಹೆಸರು, ಗುಪ್ತಪದದ ಜಾಗ, ಬಳಕೆದಾರನ ಸಂಖ್ಯೆ, ಗುಂಪಿನ ಸಂಖ್ಯೆ, ಪೂರ್ಣ ಹೆಸರು ಮುಂತಾದ ವಿವರ, ಅವನ ಕಡತಗಳನ್ನಿಡುವ ಮನೆ, ಅವನು ಒಳಗೆ ಬಂದೊಡನೆ ಶುರುವಾಗಬೇಕಾದ ಪ್ರೋಗ್ರಾಂ. ಐದನೆಯ ಕಲಂಗೆ ಇವತ್ತಿಗೂ ಗೆಕೋಸ್ ಎಂಬ ಹೆಸರಿದೆ. ಅದು ಜನರಲ್ ಎಲೆಕ್ಟ್ರಿಕ್ ಕಂಪೆನಿಯ ಒಂದು ಹಳೆಯ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು. ಬೆಲ್ ಪ್ರಯೋಗಾಲಯದವರು ಅಚ್ಚು ಹಾಕಿಸಲು ಆ ಯಂತ್ರಕ್ಕೆ ಕೆಲಸ ಕಳಿಸುತ್ತಿದ್ದರು, ಅದಕ್ಕೆ ಬೇಕಾದ ಗುರುತನ್ನು ಈ ಕಲಂನಲ್ಲಿ ಬರೆಯುತ್ತಿದ್ದರು. ಆ ಯಂತ್ರ ಹೋಯಿತು, ಕಲಂನ ಹೆಸರು ಉಳಿಯಿತು. ಹಳೆಯ ಲೆಡ್ಜರುಗಳಲ್ಲಿ ಇಂಥದ್ದನ್ನು ನಾವೂ ಕಂಡಿದ್ದೇವೆ.

ಈ ರಿಜಿಸ್ಟರಿನಲ್ಲಿ ಕಲಂ ಕಲಂಗಳ ನಡುವೆ ಗೆರೆ ಎಳೆಯುವಂತಿಲ್ಲವಾದ್ದರಿಂದ, ಕೋಲನ್ ಎಂಬ ಚಿಹ್ನೆಯನ್ನು, ಅಂದರೆ ಒಂದರ ಮೇಲೊಂದು ಇಡುವ ಎರಡು ಚುಕ್ಕೆಗಳನ್ನು, ಗೆರೆಯಾಗಿ ಬಳಸಿದರು. ಹೆಸರಿನೊಳಗೇ ಆ ಚಿಹ್ನೆ ಬಂದರೆ ಏನಾಗುತ್ತದೆ ಎಂದು ಯೋಚಿಸಿ. ಹೆಸರು ಅರ್ಧಕ್ಕೆ ಮುಗಿದು, ಉಳಿದರ್ಧ ಗುಪ್ತಪದದ ಕಲಂಗೆ ಜಾರಿ, ಗುಪ್ತಪದ ಸಂಖ್ಯೆಯ ಕಲಂಗೆ ಜಾರುತ್ತದೆ. ಇಡೀ ಸಾಲು ಒಂದು ಮನೆ ಪಕ್ಕಕ್ಕೆ ಸರಿಯುತ್ತದೆ. ಆದ್ದರಿಂದ ಕೋಲನ್ ಎಂದೆಂದಿಗೂ ನಿಷಿದ್ಧ.

ಹೆಸರಿನ ನಡುವೆ ಜಾಗ ಬಿಟ್ಟರೆ, ಆಜ್ಞೆಗಳನ್ನು ಬರೆದು ಕೊಡುವಾಗ ಯಂತ್ರ ಅದನ್ನು ಎರಡು ಬೇರೆ ಪದಗಳೆಂದು ತಿಳಿಯುತ್ತದೆ. ಅಡ್ಡಗೆರೆಯಿಂದ ಶುರುವಾದರೆ ಅದನ್ನು ಹೆಸರೆಂದೇ ತಿಳಿಯದೆ, ಆಜ್ಞೆಗೆ ಸೇರಿದ ಸೂಚನೆಯೆಂದು ತಿಳಿಯುತ್ತದೆ. ಇನ್ನು ನಮ್ಮ ಸದಸ್ಯರ ಇನಿಷಿಯಲ್ ಚುಕ್ಕೆ. ಒಂದು ಕಡತವನ್ನು ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವ ಆಜ್ಞೆಯೊಂದಿದೆ. ಅದರಲ್ಲಿ ಒಡೆಯನ ಹೆಸರು, ಅವನ ಗುಂಪಿನ ಹೆಸರು ಎರಡನ್ನೂ ಬರೆಯಬೇಕು. ಹಿಂದೆ ಇವೆರಡರ ನಡುವೆ ಚುಕ್ಕೆ ಇಡುವ ರೂಢಿಯಿತ್ತು, ಆಮೇಲೆ ಕೋಲನ್ ಬಂತು. ಹೆಸರಿನಲ್ಲೇ ಚುಕ್ಕೆಯಿದ್ದರೆ ಎಲ್ಲಿಯವರೆಗೆ ಒಡೆಯ, ಎಲ್ಲಿಂದ ಗುಂಪು ಎಂದು ಹೇಗೆ ತಿಳಿಯಬೇಕು? ಚುಕ್ಕೆಯನ್ನು ಕೆಲವು ವ್ಯವಸ್ಥೆಗಳು ಈಗ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಎಲ್ಲ ಕಡೆ ಒಪ್ಪದ ವಸ್ತುವನ್ನು ಮೊದಲ ದಿನವೇ ಸೇರಿಸದಿರುವುದು ಮೇಲು.

ಸಣ್ಣಕ್ಷರದ ಕತೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಆ ಕಾಲದಲ್ಲಿ ಕಂಪ್ಯೂಟರಿನೊಡನೆ ಮಾತಾಡಲು ಪರದೆಯಿರಲಿಲ್ಲ. ತಾರು ಕಚೇರಿಯಲ್ಲಿದ್ದಂಥ, ಕಾಗದದ ಮೇಲೆ ಕುಟ್ಟುವ ಟೆಲಿಟೈಪ್ ಯಂತ್ರಗಳಿದ್ದವು. ಬಹಳ ಬಳಕೆಯಲ್ಲಿದ್ದ ಟೆಲಿಟೈಪ್ 33 ಎಂಬ ಮಾದರಿಗೆ ದೊಡ್ಡಕ್ಷರ ಮಾತ್ರ ಗೊತ್ತಿತ್ತು. ಆದ್ದರಿಂದ ಯಾರಾದರೂ ತಮ್ಮ ಹೆಸರನ್ನು ಪೂರ್ತಿ ದೊಡ್ಡಕ್ಷರದಲ್ಲಿ ಕುಟ್ಟಿದರೆ, ಯೂನಿಕ್ಸ್ "ಪಾಪ, ಇವರ ಯಂತ್ರದಲ್ಲಿ ಸಣ್ಣಕ್ಷರವೇ ಇಲ್ಲ" ಎಂದು ಭಾವಿಸಿ, ಮುಂದಿನ ವ್ಯವಹಾರವನ್ನೆಲ್ಲ ದೊಡ್ಡಕ್ಷರಕ್ಕೆ ಬದಲಾಯಿಸುತ್ತಿತ್ತು. ಹೆಸರು ಸಣ್ಣಕ್ಷರದಲ್ಲೇ ಇರಬೇಕೆಂಬ ರೂಢಿ ಆಗ ಬೇರೂರಿತು. ಇವತ್ತು ಆ ಟೆಲಿಟೈಪುಗಳಿಲ್ಲ. ಆದರೂ ರೂಢಿಗೆ ಇನ್ನೊಂದು ಕಾರಣ ಉಳಿದಿದೆ. ರವಿ ಎಂಬ ಹೆಸರನ್ನು ಮೊದಲಕ್ಷರ ದೊಡ್ಡದಾಗಿ ಬರೆದರೆ ಒಬ್ಬ, ಸಣ್ಣದಾಗಿ ಬರೆದರೆ ಇನ್ನೊಬ್ಬ ಎಂದು ಲಿನಕ್ಸ್ ತಿಳಿಯುತ್ತದೆ. ಒಂದೇ ಕಚೇರಿಯಲ್ಲಿ ಅಂಥ ಇಬ್ಬರು ರವಿಗಳಿದ್ದರೆ ಆಗುವ ಫಜೀತಿಯನ್ನು ನಾನು ವಿವರಿಸಬೇಕಿಲ್ಲ.

ಅಂಕೆಯಿಂದ ಹೆಸರು ಶುರುವಾಗಬಾರದೆಂಬ ನಿಯಮ ಅನೇಕರಿಗೆ ಅನಾವಶ್ಯಕ ಎನಿಸುತ್ತದೆ. ಅದನ್ನು ಹಗುರವಾಗಿ ಕಂಡದ್ದರಿಂದ ಏನಾಯಿತೆಂಬುದಕ್ಕೆ 2017ರ ಒಂದು ಪ್ರಸಂಗವಿದೆ. ಈಗಿನ ಬಹುಪಾಲು ಲಿನಕ್ಸ್‌ಗಳಲ್ಲಿ ಸಿಸ್ಟಂ-ಡಿ ಎಂಬ ಪ್ರೋಗ್ರಾಂ ಇದೆ. ಬೆಳಿಗ್ಗೆ ಆಳುಗಳನ್ನು ಕರೆದು ಯಾರು ಕಸಿ ಮಾಡಬೇಕು, ಯಾರು ಕಳೆ ತೆಗೆಯಬೇಕು ಎಂದು ಹಚ್ಚುವ ಮೇಸ್ತ್ರಿಯ ಕೆಲಸ ಅದರದ್ದು. "ಈ ಕೆಲಸವನ್ನು ಇಂಥ ಬಳಕೆದಾರನ ಹೆಸರಿನಲ್ಲಿ, ಅವನಿಗಿರುವಷ್ಟೇ ಅಧಿಕಾರದಲ್ಲಿ ನಡೆಸು" ಎಂದು ಅದಕ್ಕೆ ಚೀಟಿ ಬರೆದಿಡಬಹುದು. ಕೆಲವು ಲಿನಕ್ಸ್‌ಗಳು ಅಂಕೆಯಿಂದ ಶುರುವಾಗುವ ಹೆಸರನ್ನು ಒಪ್ಪಿ ರಿಜಿಸ್ಟರಿಗೆ ಸೇರಿಸುತ್ತಿದ್ದವು. ಮೇಸ್ತ್ರಿ ಮಾತ್ರ ಅಂಥ ಹೆಸರು ಸಿಂಧುವಲ್ಲ ಎನ್ನುತ್ತಿದ್ದ. ಚೀಟಿಯಲ್ಲಿ ಸೊನ್ನೆಯಿಂದ ಶುರುವಾಗುವ ಹೆಸರೊಂದು ಬಂದಾಗ, ಇದು ಹೆಸರೇ ಅಲ್ಲವೆಂದು ಒಂದು ಎಚ್ಚರಿಕೆ ಬರೆದು, ಆ ಸಾಲನ್ನೇ ಬಿಟ್ಟುಬಿಟ್ಟ. ಯಾರ ಹೆಸರೂ ಇಲ್ಲದ ಕೆಲಸವನ್ನು ಯಾರ ಅಧಿಕಾರದಲ್ಲಿ ನಡೆಸಬೇಕು? ರೂಟ್, ಅಂದರೆ ಯಂತ್ರದ ಯಜಮಾನನ ಅಧಿಕಾರದಲ್ಲಿ! ಕಡಿಮೆ ಅಧಿಕಾರ ಕೊಡಬೇಕೆಂದು ಬರೆದ ಚೀಟಿಯಿಂದ ಪೂರ್ಣಾಧಿಕಾರ ಸಿಕ್ಕಿತು. ಚೀಟಿ ಸರಿಯಿಲ್ಲದ ಆಳಿಗೆ ಉಗ್ರಾಣದ ಬೀಗದಕೈ ಗೊಂಚಲನ್ನೇ ಕೊಟ್ಟು ಕಳಿಸಿದಂತೆ.

ಇದು ತಪ್ಪೇ ಅಲ್ಲವೆಂದು ಆ ಪ್ರೋಗ್ರಾಂ ನೋಡಿಕೊಳ್ಳುವವರು ಮೊದಲು ವಾದಿಸಿದರು. ಅಂಥ ಹೆಸರನ್ನು ಇಟ್ಟವರದ್ದೇ ತಪ್ಪು ಎಂಬುದು ಅವರ ನಿಲುವು. ಆಮೇಲೆ, ಹೆಸರು ಸಿಂಧುವಲ್ಲದಿದ್ದರೆ ಆ ಕೆಲಸವನ್ನು ಶುರುಮಾಡದೆ ನಿಲ್ಲಿಸಬೇಕೆಂದು ತಿದ್ದಿದರು. ನನ್ನ ಅಭಿಪ್ರಾಯದಲ್ಲಿ ಮೊದಲೇ ಹಾಗಿರಬೇಕಿತ್ತು. ತೇವ ಹೆಚ್ಚಿರುವ ಅಡಿಕೆ ಬಂದರೆ ಗೇಟಿನಲ್ಲೇ ಹಿಂದಕ್ಕೆ ಕಳಿಸಬೇಕೇ ಹೊರತು, ತೇವದ ಕಲಂ ಖಾಲಿ ಬಿಟ್ಟು ಒಳಗೆ ಸುರಿದುಕೊಳ್ಳುವುದು ಪರೀಕ್ಷೆಯಲ್ಲ. ಈ ಪ್ರಸಂಗದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಒಂದು ಗೇಟು ಒಪ್ಪಿದ ಹೆಸರನ್ನು ಇನ್ನೊಂದು ಗೇಟು ಒಪ್ಪದೆ ಇದ್ದದ್ದು. ಯಂತ್ರ ಸಿದ್ಧಪಡಿಸುವ ದಿನ ನಮ್ಮ ಹೆಸರನ್ನು ಕಟ್ಟುನಿಟ್ಟಾಗಿ ನೋಡುವ ಪ್ರೋಗ್ರಾಂ, ಒಳಗಿರುವ ಗೇಟುಗಳಲ್ಲಿ ಅತಿ ಬಿಗಿಯಾದದ್ದು ಯಾವುದೋ ಅದರ ನಿಯಮವನ್ನು ಹೊರಗೇ ಅನ್ವಯಿಸುತ್ತದೆ. ನಮಗೆ ಕಿರಿಕಿರಿಯಾಗುತ್ತದೆ. ಆದರೆ ಲಾರಿ ಖಾಲಿ ಮಾಡಿದ ಮೇಲೆ ಸರಕು ಬೇಡವೆನ್ನುವುದಕ್ಕಿಂತ ಇದು ವಾಸಿ.

ಕೆಲವು ಹೆಸರುಗಳು ಅಕ್ಷರದಲ್ಲಿ ಸರಿಯಿದ್ದರೂ ಸಿಗುವುದಿಲ್ಲ, ಏಕೆಂದರೆ ಅವನ್ನು ಯಂತ್ರ ತನಗಾಗಿ ಇಟ್ಟುಕೊಂಡಿದೆ. ರೂಟ್ ಸರಿಯೇ. ಡೆಬಿಯನ್ನಿನಲ್ಲಿ ಮೇಲ್, ನ್ಯೂಸ್, ಗೇಮ್ಸ್, ಬ್ಯಾಕಪ್, ಮ್ಯಾನ್ ಇವೂ ಕಾದಿರಿಸಿದ ಹೆಸರುಗಳು. ಮ್ಯಾನ್ ಎಂದರೆ ಇಲ್ಲಿ ಮನುಷ್ಯನಲ್ಲ, ಕೈಪಿಡಿ. ನೋಬಡಿ ಎಂಬ ಒಬ್ಬ ಬಳಕೆದಾರನೂ ಇದ್ದಾನೆ. ಯಾವ ಕಡತದ ಮೇಲೂ ಹಕ್ಕಿಲ್ಲದವನಾಗಿ ಇರುವುದೇ ಅವನ ಉದ್ಯೋಗ. ಕಚೇರಿಗಳಲ್ಲಿ ಯಂತ್ರ ಸಿದ್ಧಪಡಿಸುವವರಿಗೆ ಮೊದಲು ಹೊಳೆಯುವ ಸ್ಟಾಫ್, ಆಪರೇಟರ್ ಎಂಬ ಹೆಸರುಗಳಲ್ಲೂ ತೊಡಕಿದೆ. ಅವು ಬಳಕೆದಾರರ ಹೆಸರಲ್ಲ, ಮೊದಲೇ ಇರುವ ಗುಂಪುಗಳ ಹೆಸರು. ಹೊಸ ಬಳಕೆದಾರನೊಡನೆ ಅವನದೇ ಹೆಸರಿನ ಒಂದು ಗುಂಪನ್ನೂ ಮಾಡುವುದು ಅಲ್ಲಿಯ ಪದ್ಧತಿಯಾದ್ದರಿಂದ ಎರಡೂ ಡಿಕ್ಕಿ ಹೊಡೆಯುತ್ತವೆ. ಉಬುಂಟುವಿನಲ್ಲಿ 2012ರ 12.04 ಆವೃತ್ತಿಗೆ ಮುಂಚೆ ಆಡ್ಮಿನ್ ಎಂಬುದು ಯಜಮಾನಿಕೆಯ ಅಧಿಕಾರವಿರುವ ಗುಂಪಿನ ಹೆಸರಾಗಿತ್ತು. ಆಮೇಲೆ ಆ ಅಧಿಕಾರ ಸುಡೋ ಎಂಬ ಗುಂಪಿಗೆ ಹೋಯಿತು. ವಿಂಡೋಸ್‌ನಲ್ಲೂ ಅಷ್ಟೆ, ಅದೇ ಯಂತ್ರದಲ್ಲಿರುವ ಬೇರೆ ಬಳಕೆದಾರನ ಹೆಸರಾಗಲಿ ಗುಂಪಿನ ಹೆಸರಾಗಲಿ ಮತ್ತೆ ಇಡುವಂತಿಲ್ಲ.

ವಿಂಡೋಸ್ ಉಳಿದಂತೆ ಉದಾರಿ. ಜಾಗ, ಚುಕ್ಕೆ, ದೊಡ್ಡಕ್ಷರ, ಕನ್ನಡ ಎಲ್ಲವನ್ನೂ ಒಪ್ಪುತ್ತದೆ. ಓರೆಗೆರೆ, ಕೋಲನ್, ಪ್ರಶ್ನಾರ್ಥಕ, ನಕ್ಷತ್ರ ಮುಂತಾದ ಕೆಲವು ಚಿಹ್ನೆಗಳು ಕೂಡದು, 20 ಅಕ್ಷರ ಮೀರಬಾರದು. ಆದರೆ ಹೆಸರಿಟ್ಟ ದಿನ ಅದೇ ಹೆಸರಿನಲ್ಲಿ ಒಂದು ಕಡತಕೋಶ ಹುಟ್ಟುತ್ತದೆ. ಆಮೇಲೆ ನೀವು ಹೆಸರು ಬದಲಾಯಿಸಿದರೂ ಆ ಕೋಶದ ಹೆಸರು ಬದಲಾಗುವುದಿಲ್ಲ. ಈಮೇಲ್ ಕೊಟ್ಟು ಮೈಕ್ರೋಸಾಫ್ಟ್ ಖಾತೆಯ ಮೂಲಕ ಸಿದ್ಧಪಡಿಸಿದವರಿಗೆ ಇನ್ನೂ ವಿಚಿತ್ರ. ಈಮೇಲಿನ ಮೊದಲ ಐದು ಅಕ್ಷರಗಳನ್ನು ಕತ್ತರಿಸಿ ಕೋಶಕ್ಕೆ ಹೆಸರಿಡುತ್ತದೆ. ವೆಂಕಟರಮಣ ಎಂದು ಶುರುವಾಗುವ ಈಮೇಲ್ ಇದ್ದವರ ಕೋಶ ವೆಂಕ ಎಂದಾಗುತ್ತದೆ. "ಯಾರು ಸ್ವಾಮಿ ಈ ವೆಂಕ?" ಎಂದು ಕೇಳಿಕೊಂಡು ಬಂದವರೂ ಉಂಟು.

ಹಾಗಾದರೆ ಕನ್ನಡದಲ್ಲೇ ಹೆಸರಿಡಬಾರದೇ ಎಂದು ಅಭಿಮಾನಿಗಳು ಕೇಳುತ್ತಾರೆ. ನನಗೂ ಆ ಆಸೆ ಇದೆ. ಆದರೆ ತೊಡಕು ಎಲ್ಲಿದೆ ನೋಡಿ. ಕೃಷ್ಣಮೂರ್ತಿ ಎಂಬುದು ನಮ್ಮ ಎಣಿಕೆಯಲ್ಲಿ ನಾಲ್ಕಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬಿಡಿಸಿ ಬರೆಯುವುದರಿಂದ ಅದು 11 ಸಂಕೇತಗಳಾಗುತ್ತದೆ. ಒಂದೊಂದು ಕನ್ನಡ ಸಂಕೇತಕ್ಕೆ ಲಿನಕ್ಸಿನಲ್ಲಿ ಮೂರು ಬೈಟ್ ಜಾಗ ಬೇಕು. ಒಟ್ಟು 33. ಲಿನಕ್ಸಿನಲ್ಲಿ ಬಹುಕಾಲದಿಂದ ನಡೆದುಬಂದ ಮಿತಿ 32. ಒಂದೇ ಒಂದು ಬೈಟಿಗೆ ಕೃಷ್ಣಮೂರ್ತಿಗಳು ಹೊರಗೆ ಉಳಿಯುತ್ತಾರೆ! ಇದಾದರೂ ಮಿತಿ ಹೆಚ್ಚಿಸಿದರೆ ಸರಿಹೋಗುವ ಮಾತು. ಇದಕ್ಕಿಂತ ಕಠಿಣವಾದದ್ದು ಇನ್ನೊಂದಿದೆ. ಗೋಪಾಲ ಎಂಬುದರ ಗೋ ಅಕ್ಷರವನ್ನು ಎರಡು ಸಂಕೇತಗಳಲ್ಲೂ ಬರೆಯಬಹುದು, ಸ್ವರಚಿಹ್ನೆಯ ಭಾಗಗಳನ್ನು ಬಿಡಿಸಿ ನಾಲ್ಕು ಸಂಕೇತಗಳಲ್ಲೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಗೋಪಾಲ. ಯಂತ್ರ ಕಣ್ಣಿನಿಂದ ಓದುವುದಿಲ್ಲ, ಸಂಕೇತಗಳನ್ನು ಹೋಲಿಸುತ್ತದೆ. ಎರಡು ರೂಪಗಳನ್ನು ಮೊದಲು ಒಂದು ಮಾಡಿಕೊಳ್ಳದೆ ಹೋಲಿಸಿದರೆ ಇಬ್ಬರು ಗೋಪಾಲರಾಗುತ್ತಾರೆ. ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಒಳಗೆ ಕೂರಬಹುದು, ನೋಡುವವರಿಗೆ ತಿಳಿಯದು. ಆದ್ದರಿಂದ ಸದ್ಯಕ್ಕೆ ಪೂರ್ಣ ಹೆಸರಿನ ಜಾಗದಲ್ಲಿ ಕನ್ನಡ ಬರೆಯಿರಿ, ಯೂಸರ್ ನೇಮನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿಡಿ. ವಿಂಡೋಸ್ ಕನ್ನಡವನ್ನು ಒಪ್ಪುತ್ತದೆಯಾದರೂ ಕೋಶದ ಹೆಸರು ಕನ್ನಡದಲ್ಲಿದ್ದರೆ ಕೆಲವು ಹಳೆಯ ಪ್ರೋಗ್ರಾಂಗಳು ದಾರಿ ತಪ್ಪುತ್ತವೆ. ಕನ್ನಡಕ್ಕೆ ಇದರಿಂದ ಅವಮಾನವೆಂದು ನಾನು ತಿಳಿಯುವುದಿಲ್ಲ. ಚೀಲದ ಗುರುತನ್ನು ನಾವು ಇಂಗ್ಲಿಷಿನಲ್ಲೇ ಹಾಕುತ್ತ ಬಂದಿಲ್ಲವೇ?

ಇಷ್ಟೆಲ್ಲ ಹೇಳಿದ ಮೇಲೆ, ಯಂತ್ರದ ಈ ಪರೀಕ್ಷೆ ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಹೆಸರು ತನ್ನ ರಿಜಿಸ್ಟರಿನಲ್ಲಿ ಹಿಡಿಸುತ್ತದೆಯೇ ಎಂದಷ್ಟೇ ಅದು ನೋಡುತ್ತದೆ. ಆ ಹೆಸರು ಯಾರದ್ದು ಎಂದು ಕೇಳುವುದಿಲ್ಲ. ಇದರ ಪೆಟ್ಟು ನಮ್ಮ ಕಚೇರಿಗೇ ಬಿದ್ದಿದೆ.

ಕೆಲವು ವರ್ಷಗಳ ಹಿಂದೆ ಕಚೇರಿಯ ಕಂಪ್ಯೂಟರನ್ನು ಸಿದ್ಧಪಡಿಸಿದಾಗ ಹೆಸರು ಕೇಳಿದ ಜಾಗದಲ್ಲಿ ನಾನೇ ಸೆಕ್ರೆಟರಿ ಎಂದು ಬರೆಸಿದೆ. ಎಲ್ಲ ಸಣ್ಣಕ್ಷರ, ಚುಕ್ಕೆಯಿಲ್ಲ, ಅಂಕೆಯಿಲ್ಲ, ಕಾದಿರಿಸಿದ ಪಟ್ಟಿಯಲ್ಲೂ ಇಲ್ಲ. ಮರುಮಾತಿಲ್ಲದೆ ಒಪ್ಪಿತು. ನಾನು ಇರಲಿ ಇಲ್ಲದಿರಲಿ ಹುದ್ದೆ ಇರುತ್ತದೆ, ಹೆಸರು ಬದಲಾಯಿಸುವ ತೊಂದರೆ ಇಲ್ಲ ಎಂಬುದು ನನ್ನ ಬುದ್ಧಿವಂತಿಕೆ. ನಾನು, ಲೆಕ್ಕದ ಗುಮಾಸ್ತರು, ಉಗ್ರಾಣ ನೋಡುವ ಹುಡುಗ ಮೂವರೂ ಅದೇ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದೆವು. ಒಂದು ಕೊಯ್ಲಿನ ಕಾಲದಲ್ಲಿ ಸದಸ್ಯರೊಬ್ಬರು ಈಡಿನ ಸಾಲಕ್ಕೆ ಬಂದರು. ಅವರು ಇಟ್ಟ ಅಡಿಕೆ 21 ಮೂಟೆ, ರಸೀದಿ ಅವರ ಕೈಯಲ್ಲಿದೆ. ಕಂಪ್ಯೂಟರಿನ ಲೆಕ್ಕದಲ್ಲಿ 12 ಇತ್ತು. ಮೊದಲು ಬರೆದದ್ದು 21 ಎಂದೇ, ಆಮೇಲೆ ಯಾರೋ ತಿದ್ದಿದ್ದಾರೆ. ತಿದ್ದಿದವರು ಯಾರೆಂದು ನೋಡಿದರೆ ಸೆಕ್ರೆಟರಿ ಎಂದಿತ್ತು.

ಉಗ್ರಾಣದಲ್ಲಿ ಮೂಟೆ ಎಣಿಸಿದೆವು, 21 ಇದ್ದವು. ಸದಸ್ಯರಿಗೆ ನಷ್ಟವಾಗಲಿಲ್ಲ. ಆದರೆ ತಿದ್ದಿದ್ದು ಏಕೆ, ಒಂಬತ್ತು ಮೂಟೆ ಹೊರಗೆ ಸಾಗಿಸುವ ಸಿದ್ಧತೆಯೇ ಎಂಬ ಮಾತು ಎದ್ದಿತು. ಮಾತು ಸಹಜವಾಗಿ ಉಗ್ರಾಣದ ಹುಡುಗನ ಕಡೆ ತಿರುಗಿತು. ಅವನು "ನಾನಲ್ಲ ಸಾರ್" ಎಂದದ್ದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಿಲ್ಲ, ಹೇಳಲು ಅವನ ಬಳಿ ಏನೂ ಇರಲೂ ಇಲ್ಲ. ಎರಡು ವಾರ ಅವನನ್ನು ಉಗ್ರಾಣದ ಬೀಗದಕೈಯಿಂದ ದೂರವಿಟ್ಟೆವು. ಊರಿನಲ್ಲಿ ಆ ಎರಡು ವಾರ ಅವನಿಗೆ ಹೇಗೆ ಕಳೆದಿರಬೇಕು ಎಂದು ಈಗ ಯೋಚಿಸಿದರೂ ನನಗೆ ಸಂಕಟವಾಗುತ್ತದೆ. ಆಮೇಲೆ ಒಂದು ಸಂಜೆ ನನ್ನ ಜೇಬಿನ ಡೈರಿಯಲ್ಲಿ ಅದೇ ತಾರೀಖಿನ ಟಿಪ್ಪಣಿ ಕಣ್ಣಿಗೆ ಬಿತ್ತು. ಪಟ್ಟಿಯಲ್ಲಿ ಅವರ ಕೆಳಗಿನ ಸಾಲಿನ ಸದಸ್ಯರ ಮೂಟೆಯನ್ನು 12 ಎಂದು ತಿದ್ದಬೇಕೆಂದು ಬರೆದುಕೊಂಡಿದ್ದೆ. ಕೊಯ್ಲಿನ ಗಡಿಬಿಡಿಯಲ್ಲಿ, ರಾತ್ರಿ ಎಂಟರ ಮೇಲೆ, ಒಂದು ಸಾಲು ಮೇಲೆ ತಿದ್ದಿದ್ದೆ. ತಿದ್ದಿದವನು ನಾನೇ. ಯಂತ್ರ ಮೊದಲ ದಿನದಿಂದಲೂ ಸೆಕ್ರೆಟರಿ ಎಂದು ನಿಜವನ್ನೇ ಹೇಳುತ್ತಿತ್ತು. ಆ ಹೆಸರಿನಲ್ಲಿ ಮೂವರಿದ್ದುದರಿಂದ ಯಾರೂ ನನ್ನನ್ನು ಕೇಳಲಿಲ್ಲ. ಆಡಳಿತ ಮಂಡಳಿಯ ಸಭೆಯಲ್ಲಿ ಹೇಳಿ ನಡಾವಳಿಯಲ್ಲಿ ಬರೆಸಿದೆ, ಹುಡುಗನ ಮನೆಗೂ ಹೋಗಿ ಬಂದೆ. ಅವನು ಇನ್ನೂ ನಮ್ಮಲ್ಲೇ ಕೆಲಸದಲ್ಲಿದ್ದಾನೆ, ಅದು ಅವನ ದೊಡ್ಡತನ.

ಅಂದಿನಿಂದ ನಮ್ಮ ಕಚೇರಿಯಲ್ಲಿ ಒಬ್ಬರಿಗೆ ಒಂದು ಹೆಸರು, ಹುದ್ದೆಯ ಹೆಸರಿಲ್ಲ. ಸದಸ್ಯರ ಮನೆಗಳಲ್ಲೂ ತೋಟದ ಲೆಕ್ಕವನ್ನು ಮಗ, ಸೊಸೆ, ರೈಟರು ಎಲ್ಲರೂ ಒಂದೇ ಯಂತ್ರದಲ್ಲಿ ಬರೆಯುವುದಾದರೆ ಬೇರೆ ಬೇರೆ ಹೆಸರು ಮಾಡಿಕೊಳ್ಳಿರಿ. ಉಬುಂಟುವಿನಲ್ಲಿ ಯಂತ್ರ ಸಿದ್ಧಪಡಿಸುವಾಗ ಕೊಡುವ ಮೊದಲ ಹೆಸರಿಗೆ ಯಜಮಾನಿಕೆಯ ಅಧಿಕಾರವೂ ಸೇರಿ ಬರುತ್ತದೆ. ಆದ್ದರಿಂದ ಅದು ಮನೆಯ ಜವಾಬ್ದಾರಿ ಹೊತ್ತವರ ಹೆಸರಾಗಿರಲಿ, ಉಳಿದವರಿಗೆ ಆಮೇಲೆ ಸಾಮಾನ್ಯ ಖಾತೆ ಸಾಕು. ಹೆಸರಿನಲ್ಲಿ ಹುಟ್ಟಿದ ವರ್ಷ, ಫೋನ್ ಸಂಖ್ಯೆ ಸೇರಿಸಬೇಡಿ. ಹೆಸರು ಗುಟ್ಟಿನ ವಸ್ತುವಲ್ಲ, ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಎಂಟು ಅಕ್ಷರದೊಳಗೆ ಮುಗಿಸಿದರೆ ಒಳ್ಳೆಯದು. ಹಳೆಯ ಯೂನಿಕ್ಸಿನ ಮಿತಿ ಅದೇ ಆಗಿತ್ತು, ದಿನಕ್ಕೆ ಹತ್ತು ಸಲ ಬರೆಯುವ ಕೈಗೂ ಅದೇ ಹಿತ.

ಇನ್ನೊಂದು ವಿಷಯ. ಕೆಲಸ ಬಿಟ್ಟುಹೋದವರ ಖಾತೆಯನ್ನು ಅಳಿಸಲು ಹೋಗಬೇಡಿ, ಬೀಗ ಹಾಕಿಸಿ. ಕಡತದ ಒಡೆಯನನ್ನು ಲಿನಕ್ಸ್ ಹೆಸರಿನಿಂದ ಬರೆದಿಡುವುದಿಲ್ಲ, ರಿಜಿಸ್ಟರಿನ ಮೂರನೆಯ ಕಲಂನ ಸಂಖ್ಯೆಯಿಂದ ಬರೆದಿಡುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಯಜಮಾನನಿಗೆ 0, ನಮ್ಮಂಥವರಿಗೆ 1000ದಿಂದ ಮೇಲೆ. ಹೆಸರು ಅಳಿಸಿ ಹೊಸಬರನ್ನು ಸೇರಿಸಿದಾಗ ಹಳಬರ ಸಂಖ್ಯೆಯೇ ಹೊಸಬರಿಗೆ ಸಿಗಬಹುದು. ಆಗ ಅವರು ಬಿಟ್ಟುಹೋದ ಕಡತಗಳೆಲ್ಲ ಹೊಸಬರದ್ದೆಂದು ತೋರುತ್ತವೆ. ನಮ್ಮ ಷೇರು ರಿಜಿಸ್ಟರಿನಲ್ಲಿ ತೀರಿಕೊಂಡ ಸದಸ್ಯರ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲವಷ್ಟೆ, ಹಾಗೆಯೇ ಇದು.

ಮೇಲೆ ಹೇಳಿದ ಹಿರಿಯ ಸದಸ್ಯರು ಇದನ್ನೆಲ್ಲ ಸಮಾಧಾನದಿಂದ ಕೇಳಿ, ಕಾಫಿ ಕುಡಿದು, ತಮ್ಮ ಚೀಲದ ಗುರುತಿನ ಮೂರಕ್ಷರಗಳನ್ನೇ ಸಣ್ಣಕ್ಷರದಲ್ಲಿ ಬರೆಯುವುದೆಂದು ನಿಶ್ಚಯಿಸಿ ಹೋದರು. ಸಂಜೆ ಫೋನ್ ಮಾಡಿ ಒಪ್ಪಿತೆಂದು ತಿಳಿಸಿದರು. ತಂದೆಯವರ ಕಾಲದ ಗುರುತು ಅದು. ಯಂತ್ರ ಸಿದ್ಧಪಡಿಸುವಾಗ ತೊಡಕು ಬಂದವರು ಶನಿವಾರ ಮಧ್ಯಾಹ್ನ ಎರಡರ ಮೇಲೆ ಕಚೇರಿಗೆ ಬರಬಹುದು. ಬರುವಾಗ ಚಾರ್ಜರ್ ಮರೆಯದೆ ತರಬೇಕು.